ಬೇನೆಯ ಹೊತ್ತಿಗೆ ಉಸಿರಿನ ಆಸರೆ

ನಮ್ಮ ಮನೆಗಳಲ್ಲಿ ಹೆಣ್ಣುಮಗಳಿಗೆ ಏಳು ತಿಂಗಳು ತುಂಬಿತೆಂದರೆ ತವರಿಗೆ ಕರೆತರುವ ಸಡಗರ. ಹೊಸ ಬಟ್ಟೆ, ತಿಂಡಿ, ಬಂಧು-ಬಳಗ, ಎಲ್ಲ ಉಂಟು. ಆದರೆ ಆ ದಿನದಿಂದ ಹೆರಿಗೆಯ ದಿನದವರೆಗೆ ಅವಳ ಕಿವಿಗೆ ಬೀಳುವ ಮಾತುಗಳನ್ನು ಯಾರಾದರೂ ಕೂತು ಕೇಳಿದ್ದೀರಾ? ಮೂರು ದಿನ ನೋವು ತಿಂದ ದೊಡ್ಡಮ್ಮನ ಕತೆ, ಹೊಲಿಗೆ ಬಿಚ್ಚಿಹೋದ ನೆರೆಮನೆಯವಳ ಕತೆ, "ನಿನ್ನಿಂದ ಆಗ್ಲಿಕ್ಕಿಲ್ಲ, ನೀನು ತೆಳ್ಳಗಿದ್ದಿ" ಎನ್ನುವ ನಾದಿನಿ. ಹೆದರಿಸುವವರು ಹತ್ತು ಜನ. ನೋವು ಬಂದಾಗ ಏನು ಮಾಡಬೇಕು ಎಂದು ಹೇಳಿಕೊಡುವವರು ಹುಡುಕಿದರೂ ಸಿಗುವುದಿಲ್ಲ.

ಈ ವಾರದ ಪುಟಕ್ಕಾಗಿ ನಾವು ಉಳ್ಳಾಲ, ಕೃಷ್ಣಾಪುರ, ಫರಂಗಿಪೇಟೆ, ವಿಟ್ಲ ಕಡೆಯ ಕೆಲವು ತಾಯಂದಿರನ್ನು ಮಾತಾಡಿಸಿದೆವು. ಕೇಳಿದ್ದು ಒಂದೇ ಪ್ರಶ್ನೆ: ಬೇನೆ ಬಂದಾಗ ನೀವು ಏನು ಮಾಡಿದಿರಿ? ಹೆಚ್ಚಿನವರು ಮೊದಲು ನಕ್ಕರು. "ಏನು ಮಾಡುವುದು, ಬೊಬ್ಬೆ ಹಾಕಿದ್ದು" ಎಂದರು. ಹೆಸರು ಹಾಕಬೇಡಿ ಎಂದು ಕೇಳಿಕೊಂಡದ್ದರಿಂದ ಯಾರ ಹೆಸರನ್ನೂ ಇಲ್ಲಿ ಕೊಡುತ್ತಿಲ್ಲ.

ಫರಂಗಿಪೇಟೆ ಕಡೆಯ 24 ವರ್ಷದ ತಾಯಿಯೊಬ್ಬರ ಉತ್ತರ ಮಾತ್ರ ಬೇರೆ ಇತ್ತು. ಚೊಚ್ಚಲ ಹೆರಿಗೆ. ತಪಾಸಣೆಗೆ ಹೋದಾಗಲೆಲ್ಲ ಅಲ್ಲಿಯ ಹಿರಿಯ ನರ್ಸ್ ಒಬ್ಬರು ಗರ್ಭಿಣಿಯರನ್ನು ಬೆಂಚಿನಲ್ಲಿ ಕೂರಿಸಿ ಹತ್ತು ನಿಮಿಷ ಉಸಿರಾಟ ಕಲಿಸುತ್ತಿದ್ದರಂತೆ. "ಮೊದಲಿಗೆ ನಮಗೆಲ್ಲ ನಗು. ಉಸಿರಾಡ್ಲಿಕ್ಕೆ ಕಲಿಸುವುದೆಂತ, ಹುಟ್ಟಿದಂದಿನಿಂದ ಆಡ್ತಾ ಇದ್ದೇವಲ್ಲ ಅಂತ. ಆದರೆ ನೋವು ಸುರುವಾದ ರಾತ್ರಿ ಗೊತ್ತಾಯ್ತು. ನೋವು ಬಂದ ಕೂಡಲೇ ನಾನು ಉಸಿರು ಕಟ್ಟಿ ಹಿಡಿದಿದ್ದೆ. ಹಲ್ಲು ಕಚ್ಚಿದ್ದೆ, ಮುಷ್ಟಿ ಬಿಗಿ ಮಾಡಿದ್ದೆ. ಆಗ ಅವರ ಮಾತು ನೆನಪಾಯ್ತು: 'ಬಾಯಿ ಸಡಿಲ ಬಿಡು, ಹೆಗಲು ಇಳಿಸು, ಉಸಿರು ಹೊರಗೆ ಬಿಡು'. ಬಿಟ್ಟೆ. ನೋವು ಹೋಗಲಿಲ್ಲ. ಆದರೆ ಅದು ನನ್ನ ಮೇಲೆ ಬಿದ್ದ ಹಾಗೆ ಆಗಲಿಲ್ಲ, ನನ್ನೊಳಗೆ ಹಾದು ಹೋದ ಹಾಗೆ ಆಯ್ತು."

ರಾತ್ರಿ ಹತ್ತಕ್ಕೆ ಸುರುವಾದ ನೋವಿಗೆ ಅವರು ಮನೆಯ ಜಗಲಿಯಲ್ಲೇ ನಡೆದಾಡಿದರು. ಉಮ್ಮ ಹಿಂದಿನಿಂದ ಸೊಂಟ ಒತ್ತಿ ಹಿಡಿಯುತ್ತಿದ್ದರು. ಸುಬ್‌ಹಿ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ ಬರತೊಡಗಿದಾಗ ಆಸ್ಪತ್ರೆಗೆ ಹೊರಟರು. ಮಧ್ಯಾಹ್ನದ ಮೊದಲು ಹೆಣ್ಣುಮಗು. ಅಲ್‌ಹಮ್ದುಲಿಲ್ಲಾಹ್, ತಾಯಿ ಮಗು ಇಬ್ಬರೂ ಕ್ಷೇಮ.

ಇದರಲ್ಲಿ ಪವಾಡವೇನಿಲ್ಲ. ಗರ್ಭಕೋಶ ಒಂದು ದೊಡ್ಡ ಸ್ನಾಯು. ಅದು ಬಿಗಿಯುವಾಗ ನೋವು, ಸಡಿಲುವಾಗ ವಿರಾಮ. ಬೇನೆ ಚೆನ್ನಾಗಿ ಹಿಡಿದ ಮೇಲೆ ಒಂದೊಂದು ಅಲೆ ಹೆಚ್ಚುಕಡಿಮೆ ಒಂದು ನಿಮಿಷ ಇರುತ್ತದೆ, ಆಮೇಲೆ ಎರಡು ಮೂರು ನಿಮಿಷ ಬಿಡುವು. ಆ ಬಿಡುವನ್ನೂ ನಾವು ಹೆದರಿಕೆಯಲ್ಲೇ ಕಳೆದುಬಿಟ್ಟರೆ ಹತ್ತು ಹನ್ನೆರಡು ತಾಸು ನೋವೇ ಆಗುತ್ತದೆ. ಹೆದರಿದ ದೇಹ ಅಡ್ರಿನಲಿನ್ ಸುರಿಸುತ್ತದೆ. ಹೆರಿಗೆಯನ್ನು ಮುಂದಕ್ಕೆ ತಳ್ಳುವ ಆಕ್ಸಿಟೋಸಿನ್‌ಗೆ ಅದು ಅಡ್ಡ ಬರುತ್ತದೆ. ಉಸಿರು ನಿಧಾನವಾದಾಗ ಎದೆಬಡಿತ ಇಳಿಯುತ್ತದೆ, ದವಡೆ ಸಡಿಲುತ್ತದೆ, ಕೆಳಗಿನ ಸ್ನಾಯುಗಳೂ ಸಡಿಲುತ್ತವೆ. ಬಾಯಿ ಬಿಗಿದವಳಿಗೆ ಕೆಳಗೂ ಬಿಗಿ ಎಂದು ಆ ನರ್ಸ್ ಹೇಳುತ್ತಿದ್ದರಂತೆ.

ಈ ವಿದ್ಯೆ ಆಸ್ಪತ್ರೆಗಳಿಗೆ ಬಂದದ್ದು ಸುತ್ತುದಾರಿಯಲ್ಲಿ. ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಸಹಜ ಹೆರಿಗೆಯ ಬಗ್ಗೆ ಪುಸ್ತಕ ಬರೆದು, ಹೆದರಿಕೆಯಿಂದ ಬಿಗಿತ, ಬಿಗಿತದಿಂದ ನೋವು ಎಂದು ವಾದಿಸಿದರು. ಫ್ರಾನ್ಸಿನ ಫರ್ನಾಂಡ್ ಲಮಾಝ್ 1951ರಲ್ಲಿ ಸೋವಿಯತ್ ರಷ್ಯಕ್ಕೆ ಹೋಗಿ ಅಲ್ಲಿಯ ತಾಯಂದಿರು ತರಬೇತಿ ಪಡೆದು ಹೆರುವುದನ್ನು ನೋಡಿ ಬಂದು, ಪ್ಯಾರಿಸ್ಸಿನಲ್ಲಿ ಲೋಹ ಕಾರ್ಮಿಕರ ಆಸ್ಪತ್ರೆಯಲ್ಲಿ ಅದನ್ನು ಕಲಿಸಿದರು. ಇವತ್ತು ಪೇಟೆಯ ದೊಡ್ಡ ಆಸ್ಪತ್ರೆಗಳಲ್ಲಿ 'ಲಮಾಝ್ ಕ್ಲಾಸ್' ಎಂದು ಫೀಸು ಕಟ್ಟಿಸಿಕೊಂಡು ಕಲಿಸುವುದು ಇದನ್ನೇ. ಬೆಂಚಿನಲ್ಲಿ ಕೂರಿಸಿ ಕಲಿಸಿದ ಆ ನರ್ಸ್ ಫೀಸು ತೆಗೆದುಕೊಂಡಿರಲಿಲ್ಲ ಎನ್ನುವುದು ಬೇರೆ ಮಾತು.

ಆದರೆ ನಮ್ಮ ಅಜ್ಜಿಯಂದಿರಿಗೆ ಇದು ತೀರಾ ಹೊಸತಾಗಿತ್ತೇ? ಉಳ್ಳಾಲ ಕಡೆಯ 78 ದಾಟಿದ ಹಿರಿಯ ಉಮ್ಮ ಒಬ್ಬರು ಹೇಳಿದ್ದು ಕೇಳಿ. ಅವರ ಕಾಲದಲ್ಲಿ ಬೇನೆ ಸುರುವಾದರೆ ಮನೆಯ ಹೆಂಗಸರು ಸೇರಿ ನಫೀಸತ್ ಮಾಲೆ ಓದುತ್ತಿದ್ದರು. ಅರಬಿ-ಮಲಯಾಳದ ಆ ಮಾಲೆಯನ್ನು ಸುಖಪ್ರಸವದ ಹರಕೆಯಿಂದ ಓದುವುದು ಕೇರಳದ ಮಾಪ್ಪಿಳರಲ್ಲೂ ನಮ್ಮ ಕಡೆಯಲ್ಲೂ ಇದ್ದ ವಾಡಿಕೆ. ಒಬ್ಬರು ಸಾಲು ಎತ್ತಿದರೆ ಉಳಿದವರು ದನಿಗೂಡಿಸುವುದು. "ಬೇನೆ ತಿನ್ನುವವಳೂ ಅವರೊಟ್ಟಿಗೆ ಹೇಳಬೇಕಿತ್ತು. ಹೇಳಬೇಕಾದರೆ ಉಸಿರು ಬಿಡಲೇಬೇಕಲ್ಲ ಮೋಲೇ" ಎಂದು ಆ ಉಮ್ಮ ನಕ್ಕರು. ಹಗ್ಗವೊಂದನ್ನು ಜಂತಿಗೆ ಕಟ್ಟಿ, ನಿಂತೇ ಅದನ್ನು ಹಿಡಿದು ತೂಗುತ್ತಿದ್ದರಂತೆ. ಮಲಗಿಸುತ್ತಿದ್ದುದು ಕೊನೆಗೆ ಮಾತ್ರ. ಮಾಲೆ ಓದುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ಈ ಪುಟದಲ್ಲಿ ನಾವು ಹೋಗುವುದಿಲ್ಲ, ಅದು ಉಸ್ತಾದರುಗಳಿಗೆ ಬಿಟ್ಟದ್ದು. ನಾವು ಗಮನಿಸಿದ್ದು ಇಷ್ಟು: ಲಯದಲ್ಲಿ ಹೇಳುವ ಯಾವುದೇ ಝಿಕ್ರ್ ಉಸಿರನ್ನು ನಿಧಾನ ಮಾಡುತ್ತದೆ, ಸುತ್ತ ಕೂತವರ ದನಿ ಹೆದರಿಕೆಯನ್ನು ಇಳಿಸುತ್ತದೆ.

ಹಳೆಯದೆಲ್ಲ ಒಳ್ಳೆಯದಾಗಿತ್ತು ಎಂದು ಈ ಮಾತಿನ ಅರ್ಥವಲ್ಲ. ಅದೇ ಉಮ್ಮ ಏಳು ಹೆತ್ತವರು. ಉಳಿದದ್ದು ಐದು. ಒಂದು ಮಗು ಅಡ್ಡ ಬಂದಿತ್ತು, ಇನ್ನೊಂದು ಹುಟ್ಟಿ ಅಳಲಿಲ್ಲ. ಅವರ ತಂಗಿ ಹೆತ್ತ ರಾತ್ರಿಯೇ ರಕ್ತ ನಿಲ್ಲದೆ ಹೋದರು. ಇದನ್ನು ಹೇಳುವಾಗ ಅವರ ನಗು ನಿಂತಿತ್ತು.

ಕುರ್‌ಆನಿನ ಸೂರಃ ಮರ್ಯಮ್‌ನಲ್ಲಿ ಹೆರಿಗೆ ಬೇನೆಯ ಪ್ರಸ್ತಾಪ ಬರುವುದನ್ನು ನಮ್ಮ ಸಹೋದರಿಯರೆಲ್ಲ ಕೇಳಿದ್ದೀರಿ. ಹಝ್ರತ್ ಮರ್ಯಮ್ (ಅ) ಅವರನ್ನು ಬೇನೆ ಖರ್ಜೂರದ ಮರದ ಬುಡಕ್ಕೆ ತಂದು ನಿಲ್ಲಿಸಿತು. ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎನ್ನುವಷ್ಟು ಅವರಿಗೆ ಕಷ್ಟವಾಯಿತು. ಅಷ್ಟು ದೊಡ್ಡ ಸ್ಥಾನದವರೇ ಹಾಗೆಂದರೆ, ನೋವಿನಲ್ಲಿ ಕೂಗಿದ ಹುಡುಗಿಗೆ "ಇಷ್ಟಕ್ಕೆಲ್ಲ ಬೊಬ್ಬೆ ಹಾಕ್ತಾಳೆ, ನಾವೇನು ಹೆರಲಿಲ್ಲವಾ" ಎಂದು ಹಂಗಿಸುವ ನಾವು ಯಾರು? ಅಲ್ಲಿ ಅವರಿಗೆ ಬಂದ ಉತ್ತರ ಗದರಿಕೆಯಲ್ಲ, ದುಃಖಪಡಬೇಡ ಎಂಬ ಸಾಂತ್ವನ. ಕುಡಿಯಲು ನೀರು, ತಿನ್ನಲು ಹಣ್ಣು, ಮರವನ್ನು ಅಲುಗಿಸು ಎಂಬ ಸೂಚನೆ. ನೀರು, ಆಹಾರ, ಮೈ ಅಲುಗಾಟ, ಧೈರ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಕೋಣೆಗಾಗಿ ಹೊರಡಿಸಿದ ಶಿಫಾರಸುಗಳಲ್ಲೂ ಇವು ಇವೆ: ಅಪಾಯವಿಲ್ಲದ ತಾಯಿಗೆ ಬೇನೆಯ ಹೊತ್ತಿನಲ್ಲಿ ಕುಡಿಯಲು ತಿನ್ನಲು ಕೊಡಿ, ನಡೆದಾಡಲು ಬಿಡಿ, ಅವಳಿಗೆ ಬೇಕಾದ ಜೊತೆಗಾರರನ್ನು ಇರಗೊಡಿ, ನೋವು ತಾಳಲು ಉಸಿರಾಟ, ಮಸಾಜ್, ಬಿಸಿ ಶಾಖ ಬಳಸಬಹುದು ಎಂದು.

ಇನ್ನು ಉಸಿರಾಟದ ಕ್ರಮ. ಏಳನೇ ತಿಂಗಳಿನಿಂದಲೇ ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಮಾತ್ರ ಆ ಹೊತ್ತಿಗೆ ನೆನಪಿಗೆ ಬರುತ್ತದೆ. ಇಶಾ ನಮಾಝಿನ ಬಳಿಕ ಮುಸಲ್ಲಾದಲ್ಲಿ ಕೂತೇ ಮಾಡಬಹುದು. ಬೇನೆಯ ಅಲೆ ಸುರುವಾಗುವಾಗ ಒಂದು ಉದ್ದ ಉಸಿರು ತೆಗೆದು ಪೂರ್ತಿ ಹೊರಗೆ ಬಿಡಿ. ಆಮೇಲೆ ಮೂಗಿನಿಂದ ಮೆಲ್ಲ ಒಳಗೆ, ಬಾಯಿಯಿಂದ ಮೆಲ್ಲ ಹೊರಗೆ. ಒಳಗೆ ತೆಗೆಯುವಾಗ ನಾಲ್ಕು ಎಣಿಸಿದರೆ ಬಿಡುವಾಗ ಆರು ಎಣಿಸಿ. ಎಣಿಸಲಾಗದವರು ಬಿಡುವ ಉಸಿರಿನಲ್ಲಿ ಒಂದು ಝಿಕ್ರ್ ಹೇಳಲಿ. ಕೃಷ್ಣಾಪುರದ ಸಹೋದರಿಯೊಬ್ಬರು ಉಸಿರು ಬಿಡುವಾಗಲೆಲ್ಲ "ಯಾ ಲತೀಫ್" ಎನ್ನುತ್ತಿದ್ದರಂತೆ. ಅಲೆ ಇಳಿದ ಮೇಲೆ ಇನ್ನೊಂದು ಉದ್ದ ಉಸಿರು, ಮತ್ತೆ ಮೈಯೆಲ್ಲ ಸಡಿಲ. ಬಿಡುವಿನಲ್ಲಿ ಒಂದು ಗುಟುಕು ನೀರು.

ಕೊನೆಯ ಹಂತ ಕಠಿಣ. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರ್ ಪೂರ್ತಿ ತೆರೆಯುವ ಮೊದಲೇ ಕೆಲವರಿಗೆ ಮುಕ್ಕಬೇಕು ಎನಿಸುತ್ತದೆ. ಆಗ ಮುಕ್ಕಿದರೆ ಬಾಯಿ ಊದಿಕೊಳ್ಳಬಹುದು. ಡಾಕ್ಟರು ಈಗ ಬೇಡ ಎಂದರೆ, ಬಿಸಿ ಚಹಾ ಆರಿಸುವ ಹಾಗೆ "ಹೂ, ಹೂ" ಎಂದು ಸಣ್ಣ ಸಣ್ಣ ಉಸಿರು ಊದುತ್ತಾ ಆ ಅಲೆ ದಾಟಿಸಬೇಕು. ಇದನ್ನೇ ಮೊದಲಿನಿಂದ ಮಾಡುತ್ತಾ ಕೂತರೆ ತಲೆ ತಿರುಗುತ್ತದೆ, ಬೆರಳು ತುಟಿ ಜುಮ್ಮೆನ್ನುತ್ತದೆ. ಅದು ಉಸಿರು ಹೆಚ್ಚಾದ ಲಕ್ಷಣ, ನಿಧಾನಿಸಬೇಕು ಅಷ್ಟೇ. ಬೆನ್ನಿನಲ್ಲೇ ನೋವು ಹೆಚ್ಚಿರುವವರಿಗೆ ಸುಜೂದಿನ ಹಾಗೆ ಕೈ ಮೊಣಕಾಲು ಊರಿ ಬಾಗಿದರೆ ಸುಖ ಸಿಗುವುದುಂಟು.

ಇದರಿಂದ ನೋವು ಎಷ್ಟು ಕಡಿಮೆಯಾಗುತ್ತದೆ? ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಉಸಿರಾಟದಿಂದ ನೋವು ಸ್ವಲ್ಪ ಇಳಿಯಬಹುದು, ತಾಳಿಕೊಳ್ಳುವ ಧೈರ್ಯ ಬರಬಹುದು ಎಂಬಷ್ಟೇ ಅವುಗಳ ಮಾತು, ಪುರಾವೆ ಗಟ್ಟಿಯಲ್ಲ. ಗಟ್ಟಿ ಪುರಾವೆ ಇರುವುದು ಇನ್ನೊಂದಕ್ಕೆ: ಬೇನೆಯ ಉದ್ದಕ್ಕೂ ಪಕ್ಕದಲ್ಲಿ ಒಬ್ಬರು ಬಿಡದೆ ಇರುವುದಕ್ಕೆ. ಹದಿನೈದು ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಜೊತೆಗಾರರಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ಕಡಿಮೆ ಎಂದು ಕಂಡಿದೆ. ಉಸಿರಾಟ ಕಲಿತವಳೂ ಮೂರನೇ ತಾಸಿಗೆ ಮರೆತುಬಿಡುತ್ತಾಳೆ. ಅವಳ ಮುಖಕ್ಕೆ ಮುಖ ಕೊಟ್ಟು ನೆನಪಿಸುವವರು ಒಬ್ಬರು ಬೇಕು.

ನಮ್ಮಲ್ಲಿ ಕೆಲಸ ಕೆಡುವುದು ಇಲ್ಲಿಯೇ. ನಾವು ಮಾತಾಡಿಸಿದವರಲ್ಲಿ ಒಬ್ಬರನ್ನು ಒಂದು ಆಸ್ಪತ್ರೆಯಲ್ಲಿ ಬಾಗಿಲಿನಿಂದಾಚೆ ಒಬ್ಬರನ್ನೇ ಕರೆದುಕೊಂಡು ಹೋದರು. ಉಮ್ಮ ಹೊರಗೆ ತಸ್‌ಬೀಹ್ ಹಿಡಿದು ಕೂತಿದ್ದರು. ಒಳಗೆ ಪರದೆ ಇಲ್ಲದ ಸಾಲು ಮಂಚ, ಗುರುತಿಲ್ಲದವರ ಓಡಾಟ. "ನೋವಿಗಿಂತ ನನಗೆ ನಾಚಿಕೆಯೇ ಜಾಸ್ತಿ ಆಯ್ತು. ಬಟ್ಟೆ ಸರಿಮಾಡ್ಲಿಕ್ಕೆ ಒಬ್ಬರು ಇರಲಿಲ್ಲ. ಮೈಯೆಲ್ಲ ಬಿಗಿ ಹಿಡಿದೇ ಇದ್ದೆ" ಎಂದರು. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಹೆಣ್ಣು ಸಂಬಂಧಿಯೊಬ್ಬರನ್ನು ಜೊತೆಯಲ್ಲಿ ಇರಗೊಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. 2017ರ 'ಲಕ್ಷ್ಯ' ಯೋಜನೆಯಲ್ಲೂ ಜೊತೆಗಾರರು ಮತ್ತು ಪರದೆಯ ಮಾತಿದೆ. ಇದು ನಮ್ಮ ಮನೆಗಳಿಗೆ ಗೊತ್ತಿಲ್ಲ. ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿ: ಒಳಗೆ ಒಬ್ಬರನ್ನು ಬಿಡುತ್ತೀರಾ, ಪರದೆ ಉಂಟಾ, ಡ್ಯೂಟಿಯಲ್ಲಿ ಲೇಡಿ ಡಾಕ್ಟರ್ ಇರುತ್ತಾರಾ, ನಡೆದಾಡಲು ಬಿಡುತ್ತೀರಾ? ಬೇನೆಯ ಹೊತ್ತಿನಲ್ಲಿ ಬಾಗಿಲಲ್ಲಿ ಜಗಳ ಮಾಡುವುದಕ್ಕಿಂತ ಇದು ಒಳ್ಳೆಯದು.

ಜೊತೆಗೆ ಹೋಗುವವರು ಯಾರು ಎಂಬುದೂ ಮುಖ್ಯ. ಉಮ್ಮನೇ ಆಗಬೇಕೆಂದಿಲ್ಲ. ಮಗಳ ನೋವು ನೋಡಿ ತಾನೇ ಅಳುವ ಉಮ್ಮನಿಗಿಂತ ಗಟ್ಟಿ ಮನಸ್ಸಿನ ಚಿಕ್ಕಮ್ಮ ಅಥವಾ ಅತ್ತಿಗೆ ಮೇಲು. ವಿಟ್ಲ ಕಡೆಯ ತಾಯಿಯೊಬ್ಬರಿಗೆ ಜೊತೆಯಾದದ್ದು ಅವರ ಮಾಮಿ, ಅಂದರೆ ಗಂಡನ ಉಮ್ಮ. ಅತ್ತೆ-ಸೊಸೆ ಅಲ್ಲಿಯವರೆಗೆ ಅಷ್ಟಕ್ಕಷ್ಟೇ ಇದ್ದವರು. "ಆ ರಾತ್ರಿ ಮಾಮಿ ನನ್ನ ಹಣೆಗೆ ಹಣೆ ತಾಗಿಸಿ ನನ್ನೊಟ್ಟಿಗೇ ಉಸಿರಾಡಿದರು. ಈಗ ನಾವು ಜಗಳ ಮಾಡಿದರೂ ಅರ್ಧಕ್ಕೇ ನಿಲ್ತದೆ" ಎಂದರು ಸೊಸೆ. ಅವರ ಗಂಡ ಜುಬೈಲ್‌ನಲ್ಲಿ. ಹೊರಗೆ ಕೂತಿದ್ದ ಬಾಪ್ಪನ ಫೋನಿಗೆ ಐದು ನಿಮಿಷಕ್ಕೊಮ್ಮೆ ಕರೆ ಮಾಡುತ್ತಿದ್ದರಂತೆ. ಗಲ್ಫಿನಲ್ಲಿರುವ ಸಹೋದರರಿಗೆ ನಮ್ಮದೊಂದು ವಿನಂತಿ: ಆ ಹೊತ್ತಿಗೆ "ಏನಾಯ್ತು, ಏನಾಯ್ತು" ಎಂದು ಕೇಳುವುದಕ್ಕಿಂತ, ಅದಕ್ಕೆ ಎರಡು ತಿಂಗಳು ಮೊದಲೇ ರಾತ್ರಿ ಫೋನಿನಲ್ಲಿ ಹೆಂಡತಿಯೊಟ್ಟಿಗೆ ಹತ್ತು ನಿಮಿಷ ಈ ಉಸಿರಾಟ ಮಾಡಿ.

ಈಗ ಸಿಸೇರಿಯನ್ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ 23ರ ಆಸುಪಾಸು ಇತ್ತು. ಏರುತ್ತಿರುವುದು ಹೌದು, ಎಲ್ಲವೂ ಅಗತ್ಯವಿದ್ದದ್ದೇ ಎಂದು ಯಾರೂ ಹೇಳಲಾರರು. ನೋವಿನ ಹೆದರಿಕೆಯಿಂದ "ಕೊಯ್ದೇ ತೆಗೆಯಿರಿ" ಎಂದು ಮನೆಯವರೇ ಕೇಳುವುದೂ ಉಂಟು ಎಂದು ಆ ನರ್ಸ್ ಹೇಳಿದರು. ಅಂಥವರಿಗೆ ಉಸಿರಾಟದ ತರಬೇತಿ ನಿಜಕ್ಕೂ ಉಪಕಾರ.

ಆದರೆ ನಾವು ಭೇಟಿಯಾದ ಇನ್ನೊಬ್ಬ ಸಹೋದರಿಯ ಕತೆ ಬೇರೆ. ಎರಡು ತಿಂಗಳು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರು. ಹನ್ನೊಂದು ತಾಸು ಉಸಿರಿನಲ್ಲೇ ಬೇನೆ ತಾಳಿದ್ದರು. ಮಗುವಿನ ಎದೆಬಡಿತ ಇಳಿಯತೊಡಗಿತು, ಅರ್ಧ ತಾಸಿನೊಳಗೆ ಆಪರೇಷನ್. ಮಗು ಉಳಿಯಿತು. ಮನೆಗೆ ಬಂದ ಮೇಲೆ ನೋಡಲು ಬಂದವರು ಹೇಳಿದ್ದು: "ಅಷ್ಟು ಉಸಿರು ಎಳೆದದ್ದು ಎಂತಕ್ಕಾಯ್ತು?" ನಲವತ್ತು ಮುಗಿಯುವವರೆಗೂ ಅವರು ಯಾರೊಟ್ಟಿಗೂ ಸರಿಯಾಗಿ ಮಾತಾಡಲಿಲ್ಲ. ಸಹಜ ಹೆರಿಗೆಯ ಪ್ರಚಾರ ಮಾಡುವವರು ಈ ಸಹೋದರಿಯನ್ನು ನೆನಪಿಡಬೇಕು. ಹೊಟ್ಟೆ ಕೊಯ್ಸಿಕೊಂಡವಳು ಹೆತ್ತದ್ದು ಕಡಿಮೆ ಹೆರಿಗೆಯೇನಲ್ಲ. ಆಪರೇಷನ್ ಟೇಬಲ್ ಮೇಲೆ ಬೆನ್ನಿಗೆ ಚುಚ್ಚುವಾಗ ಕೈ ನಡುಗದ ಹಾಗೆ ಹಿಡಿದದ್ದು ಅದೇ ಉಸಿರು ಎಂದು ಅವರೇ ಆಮೇಲೆ ನಮಗೆ ಹೇಳಿದರು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಕಡೆ ಇದೆ. ಸಹಜ ಹೆರಿಗೆ ಎಂದರೆ ಆಸ್ಪತ್ರೆ ಬೇಡ, ಮನೆಯಲ್ಲೇ ಆಗಲಿ ಎಂದು ಹೇಳುವ ವೀಡಿಯೊಗಳು, ಧ್ವನಿ ಸಂದೇಶಗಳು ನಮ್ಮ ಫೋನುಗಳಲ್ಲೂ ಓಡಾಡುತ್ತಿವೆ. ಕೆಲವರು ಇದಕ್ಕೆ ದೀನಿನ ಬಣ್ಣವನ್ನೂ ಹಚ್ಚುತ್ತಾರೆ. 2025ರ ಏಪ್ರಿಲ್‌ನಲ್ಲಿ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಐದನೇ ಹೆರಿಗೆ ಮನೆಯಲ್ಲೇ ಮಾಡಿಸಿಕೊಂಡ ತಾಯಿ ತೀರಿಕೊಂಡದ್ದು, ಪೊಲೀಸರು ಗಂಡನನ್ನು ಬಂಧಿಸಿದ್ದು ಎಲ್ಲರೂ ಓದಿದ ಸುದ್ದಿ. ಹೆರಿಗೆಯ ನಂತರ ಗರ್ಭಕೋಶ ಬಿಗಿಯದೆ ರಕ್ತ ಸುರಿಯತೊಡಗಿದರೆ ಉಸಿರಾಟವಾಗಲಿ ಝಿಕ್ರ್ ಆಗಲಿ ರಕ್ತ ನಿಲ್ಲಿಸುವ ಇಂಜೆಕ್ಷನ್‌ನ ಕೆಲಸ ಮಾಡುವುದಿಲ್ಲ. ಮೊದಲ ನಾಲ್ಕು ಹೆರಿಗೆ ಸುಲಭವಾದದ್ದು ಐದನೆಯದಕ್ಕೆ ಜಾಮೀನಲ್ಲ. ಹೆಚ್ಚು ಹೆತ್ತವರಿಗೆ ಈ ರಕ್ತಸ್ರಾವದ ಅಪಾಯ ಹೆಚ್ಚೇ.

ಆದ್ದರಿಂದ ಉಸಿರಾಟ ಕಲಿಯಿರಿ, ತಾಯಿ ಕಾರ್ಡನ್ನೂ ಚೀಲದಲ್ಲಿಡಿ. ನೀರು ಒಡೆದು ಹಸಿರು ಬಣ್ಣ ಕಂಡರೆ, ನೋವಿಗೆ ಮೊದಲೇ ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮೈ ನಡುಗಿ ಫಿಟ್ಸ್ ಬಂದರೆ ಕೂತು ಉಸಿರು ಎಣಿಸುವ ಹೊತ್ತಲ್ಲ, 108ಕ್ಕೆ ಕರೆ ಮಾಡುವ ಹೊತ್ತು. ಬಿಪಿ, ಸಕ್ಕರೆ, ಅವಳಿ ಮಕ್ಕಳು, ಮೊದಲು ಸಿಸೇರಿಯನ್ ಆದವರು ಯಾವ ವ್ಯಾಯಾಮವನ್ನೂ ಡಾಕ್ಟರನ್ನು ಕೇಳಿಯೇ ಸುರುಮಾಡಬೇಕು.

ಖರ್ಜೂರದ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಜೋರ್ಡಾನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆರಿಗೆಗೆ ಮೊದಲ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದ 69 ತಾಯಂದಿರಿಗೆ ತಿನ್ನದ 45 ಮಂದಿಗಿಂತ ಬೇನೆ ಸುಲಭವಾಗಿ ಮುಂದುವರಿದದ್ದು ಕಂಡಿತು. ಸಣ್ಣ ಅಧ್ಯಯನ, ಹಾಗಾಗಿ ಇದನ್ನೇ ಮದ್ದು ಎಂದು ನಂಬಬಾರದು. ತಿನ್ನುವುದರಲ್ಲಿ ತಪ್ಪೇನೂ ಇಲ್ಲ, ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಮ್ಮ ಮನೆಗಳಲ್ಲಿ ಈ ಸಕ್ಕರೆ ಈಗ ಅಪರೂಪವಲ್ಲ.

ಫರಂಗಿಪೇಟೆ ಕಡೆಯ ಆ ತಾಯಿಯ ನೆರೆಯಲ್ಲಿ ಈಗ ಇಬ್ಬರು ಗರ್ಭಿಣಿಯರಿದ್ದಾರೆ. ಗುರುವಾರ ಅಸರ್ ಬಳಿಕ ಮಗು ಮಲಗಿದ ಹೊತ್ತಿನಲ್ಲಿ ಅವರಿಬ್ಬರೂ ಇವರ ಮನೆಗೆ ಬರುತ್ತಾರೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿಕೊಂಡು ಒಂದು ನಿಮಿಷ ಉಸಿರು, ಎರಡು ನಿಮಿಷ ಬಿಡುವು. ಬಿಡುವಿನಲ್ಲಿ ಮಾತು, ನಗು, ಒಂದು ಲೋಟ ಶರಬತ್ತು. ಕಲಿಸಿಕೊಟ್ಟ ನರ್ಸ್ ಈಗ ನಿವೃತ್ತರಾಗಿದ್ದಾರಂತೆ. ಬೆಂಚು ಅಲ್ಲೇ ಇದೆ, ಅದರಲ್ಲಿ ಈಗ ಟೋಕನ್ ಹಿಡಿದವರು ಮಾತ್ರ ಕೂರುತ್ತಾರೆ.